ಬೇತಾಳನ ತೂಕ

ರಕ್ಕಸನ ಚಿತ್ರವೊಂದು ಎದುರಿಗೆ ಬಂದರೆ ನಾನು ಮೊದಲು ನೋಡುವುದು ಅವನ ಪಾದ. ಅವನು ನಿಂತ ನೆಲ ಎಂಥದು, ಆ ನೆಲದ ಮೇಲೆ ಅವನ ಭಾರ ಬಿದ್ದಿದೆಯೇ, ಕಾಲ್ಬೆರಳು ಬಂಡೆಯನ್ನು ಬಿಗಿಯಾಗಿ ಹಿಡಿದಿದೆಯೇ, ತುಳಿದ ಕಡೆ ಹುಲ್ಲು ಬಾಗಿದೆಯೇ ಎಂದು ನೋಡಿಕೊಂಡ ಮೇಲೆ ಕಣ್ಣು ಮೇಲಕ್ಕೇರುತ್ತದೆ. ಕೋರೆಹಲ್ಲು, ಕೆಂಗಣ್ಣು, ಕೊಂಬುಗಳನ್ನು ಕೈ ಪಳಗಿದ ಯಾರಾದರೂ ಬರೆದಾರು. ಲೋಕದಲ್ಲಿ ಇಲ್ಲದ ಪ್ರಾಣಿಯನ್ನು ಲೋಕದಲ್ಲಿರುವ ನೆಲದ ಮೇಲೆ ನಿಲ್ಲಿಸಬೇಕಾದರೆ ಮಾತ್ರ ಕಲಾವಿದನೇ ಬೇಕು. ಅದ್ಭುತಲೋಕದ ಚಿತ್ರಗಳಲ್ಲಿ ನನಗೆ ಇಷ್ಟವಾದವು, ಆಗದವು ಎಲ್ಲವೂ ಈ ಒಂದು ಅಳತೆಯಿಂದ ಬೇರೆಬೇರೆಯಾಗುತ್ತವೆ. ಈ ಅಳತೆಯನ್ನು ನನ್ನ ಕೈಗೆ ಕೊಟ್ಟವರು ಮಕ್ಕಳ ಮಾಸಪತ್ರಿಕೆ ‘ಚಂದಮಾಮ’ದ ಇಬ್ಬರು ಚಿತ್ರಕಾರರು: ಶಂಕರ್ ಮತ್ತು ಚಿತ್ರಾ.

‘ಚಂದಮಾಮ’ 1947ರ ಜುಲೈಯಲ್ಲಿ ಮದರಾಸಿನಿಂದ ತೆಲುಗು, ತಮಿಳು ಎರಡರಲ್ಲಿ ಹೊರಟಿತು. 1949ರಲ್ಲಿ ಕನ್ನಡದ ಆವೃತ್ತಿ ಬಂತು. ಅದನ್ನು ನಡೆಸಿದವರು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. ‘ಪಾತಾಳ ಭೈರವಿ’ (1951), ‘ಮಾಯಾಬಜಾರ್’ (1957) ಸಿನಿಮಾಗಳನ್ನು ತೆಗೆದ ವಿಜಯಾ ಸಂಸ್ಥೆಯೂ ಇವರದೇ. ತೆರೆಯ ಮೇಲೆ ಘಟೋತ್ಕಚನನ್ನು ನಂಬಿಸಿದ ಜನರೇ ಪುಟದ ಮೇಲೆ ಬೇತಾಳನನ್ನು ನಂಬಿಸಲು ಹೊರಟಿದ್ದರು ಎಂಬುದು ನೆನಪಿಡಬೇಕಾದ ಮಾತು. ಮಾಯೆಯನ್ನು ಕಟ್ಟುವುದಕ್ಕೂ ಕಸುಬುಗಾರಿಕೆ ಬೇಕು, ಸಂಬಳ ಪಡೆದು ದಿನವೂ ಬಂದು ಕೂತು ಬರೆಯುವ ಕಲಾವಿದರು ಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು. ಪತ್ರಿಕೆ ಹಲವು ಭಾಷೆಗಳಿಗೆ ಹರಡಿತು. ಎಲ್ಲ ಭಾಷೆಗಳಿಗೂ ಚಿತ್ರ ಒಂದೇ, ಸುತ್ತಲಿನ ಅಕ್ಷರ ಮಾತ್ರ ಬದಲಾಗುತ್ತಿತ್ತು.

ಚಿತ್ರ ಒಂದೇ ಎಂಬುದರ ಅರ್ಥ ಏನೆಂದು ಸಿಂಧನೂರು ಸೀಮೆಯವರಿಗೆ ಬೇಗ ತಿಳಿಯುತ್ತದೆ. ನಮ್ಮ ಮುಕ್ಕುಂದ ತುಂಗಭದ್ರೆಯ ದಡದ ಊರು. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಈ ಸೀಮೆಗೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿ ಭತ್ತ ಬೆಳೆದರು. ಪೂರ್ವ ಬಂಗಾಳದಿಂದ ನೆಲೆ ಕಳೆದುಕೊಂಡು ಬಂದವರಿಗೂ ಸಿಂಧನೂರಿನ ಸುತ್ತ ಕ್ಯಾಂಪುಗಳಾದವು. 1956ರವರೆಗೆ ನಮ್ಮ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು, ಹಾಗಾಗಿ ಉರ್ದುವಿನ ಪರಿಚಯವೂ ಇತ್ತು. ಇಂಥ ಸೀಮೆಯಲ್ಲಿ ಊರಿನ ಹುಡುಗನ ಕನ್ನಡ ಸಂಚಿಕೆ, ಕ್ಯಾಂಪಿನ ಹುಡುಗನ ತೆಲುಗು ಸಂಚಿಕೆ ಪಕ್ಕಪಕ್ಕ ಇಟ್ಟರೆ ಓದು ಎರಡಾಗುತ್ತಿತ್ತು, ನೋಟ ಒಂದಾಗುತ್ತಿತ್ತು. ಇದು ಚಿತ್ರಕಾರನ ಮೇಲೆ ದೊಡ್ಡ ಹೊಣೆ ಹೊರಿಸುತ್ತದೆ. ಅವನು ಯಾವುದೋ ಒಂದು ಭಾಷೆಯ ಮಾತಿನ ಆಸರೆ ಪಡೆಯುವಂತಿಲ್ಲ. ಹೆದರಿಕೆ, ದಣಿವು, ಹಟ, ಕಪಟ ಎಲ್ಲವನ್ನೂ ಮೈಯ ಭಂಗಿಯಲ್ಲೇ ಹೇಳಬೇಕು. ‘ಚಂದಮಾಮ’ದ ಚಿತ್ರಗಳಿಗೆ ಬಂದ ಬಿಗಿಗೆ ಈ ಕಟ್ಟುಪಾಡೂ ಒಂದು ಕಾರಣವೆಂದು ನನ್ನ ಎಣಿಕೆ.

ಶಂಕರ್ ಎಂದರೆ ಕೆ.ಸಿ. ಶಿವಶಂಕರನ್. 1924ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿ, ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಕಲಿತು, 1952ರಲ್ಲಿ ‘ಚಂದಮಾಮ’ ಸೇರಿದವರು. ಮುಂದೆ ಇಡೀ ಆಯಸ್ಸನ್ನು ಅದಕ್ಕೇ ತೆತ್ತರು. 2020ರಲ್ಲಿ 96ರ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮಶ್ರೀ ಬಂತು. ಬೇತಾಳ ಕಥೆಗಳಿಗೆ ದಶಕಗಳ ಕಾಲ ಬರೆದವರು ಅವರೇ. ಆ ಕಥೆಗಳ ತಲೆಚಿತ್ರವನ್ನು ಮರೆತವರು ಕಡಿಮೆ. ಸ್ಮಶಾನ, ಚೆಲ್ಲಿದ ಬುರುಡೆಗಳು, ಸೊಟ್ಟ ಕೊಂಬೆಗಳ ಮರ, ಒರೆಯಿಂದ ಹಿರಿದ ಕತ್ತಿ, ರಾಜನ ಹೆಗಲ ಮೇಲೆ ಹೆಣ.

ಆ ಚಿತ್ರದಲ್ಲಿ ಭಯ ಹುಟ್ಟಿಸುವ ಸಾಮಾನು ಬೇಕಾದಷ್ಟಿದೆ. ಆದರೆ ಅದು ಇಷ್ಟು ಕಾಲ ಉಳಿದದ್ದು ಬುರುಡೆಗಳಿಂದಲ್ಲ. ರಾಜ ಹೆಣವನ್ನು ಹೊತ್ತಿದ್ದಾನೆ ಎಂಬುದು ನಿಜವಾಗಿ ಕಾಣುತ್ತದೆ. ಜೀವವಿಲ್ಲದ ಮೈ ಹೆಗಲ ಮೇಲೆ ಜೋತುಬಿದ್ದಿದೆ, ಹೊತ್ತವನ ಎದೆ ಅದಕ್ಕೆ ಎದುರಾಗಿ ಸೆಟೆದಿದೆ, ಹೆಜ್ಜೆ ಗಟ್ಟಿಯಾಗಿ ಊರಿದೆ. ಕಥೆಯ ಪ್ರಕಾರ ಅವನು ಇದೇ ದಾರಿಯಲ್ಲಿ ಮತ್ತೆ ಮತ್ತೆ ಬರಬೇಕು. ಮೌನ ಮುರಿದರೆ ಹೊರೆ ಹಾರಿಹೋಗಿ ಮರ ಸೇರುತ್ತದೆ. ಹೊರೆ ಹಗುರವಾಗಿ ಕಂಡಿದ್ದರೆ ಅವನ ಛಲಕ್ಕೆ ಬೆಲೆ ಇರುತ್ತಿರಲಿಲ್ಲ. ಪ್ರತಿ ತಿಂಗಳೂ ಅದೇ ಆರಂಭ, ಅದೇ ಮುಕ್ತಾಯ ಇದ್ದ ಕಥಾಮಾಲೆಯನ್ನು ಬೇಸರವಿಲ್ಲದೆ ಓದಿಸಿದ್ದರಲ್ಲಿ ಈ ಹೊರೆಯ ಪಾಲು ದೊಡ್ಡದು. ರಾಜನ ಹಟವನ್ನು ಕಥೆ ಬಾಯಲ್ಲಿ ಹೇಳುತ್ತಿತ್ತು, ಚಿತ್ರ ಅವನ ಬೆನ್ನಿನಲ್ಲಿ ತೋರಿಸುತ್ತಿತ್ತು.

ಈ ಬೆನ್ನು ಎಲ್ಲಿಂದ ಬಂತು ಎಂದು ಯೋಚಿಸಿದಾಗ ಶಂಕರ್ ಕಲಿತ ಶಾಲೆ ನೆನಪಾಗುತ್ತದೆ. 1929ರಿಂದ 1957ರವರೆಗೆ ಅದರ ಪ್ರಾಂಶುಪಾಲರಾಗಿದ್ದವರು ದೇವಿಪ್ರಸಾದ್ ರಾಯ್ ಚೌಧುರಿ. ಚೆನ್ನೈನ ಮರೀನಾ ಕಡಲತೀರದಲ್ಲಿ 1959ರಿಂದ ನಿಂತಿರುವ ‘ಶ್ರಮದ ವಿಜಯ’ ಅವರ ಶಿಲ್ಪ. ನಾಲ್ವರು ಕೂಲಿಕಾರರು ಮೈಯ ನರವೆಲ್ಲ ಬಿಗಿದು ಒಂದು ಬಂಡೆಯನ್ನು ಸರಿಸುತ್ತಿದ್ದಾರೆ. ಅಲ್ಲಿ ಅದ್ಭುತವೇನೂ ಇಲ್ಲ, ಬರಿಯ ಭಾರ ಇದೆ. ಅಂಥ ಗುರುವಿನ ಶಾಲೆಯಲ್ಲಿ ಮನುಷ್ಯನ ಮೈ ಹೇಗೆ ಬಾಗುತ್ತದೆ, ಎಲ್ಲಿ ಆನಿಸಿಕೊಳ್ಳುತ್ತದೆ ಎಂದು ಕಲಿತ ವಿದ್ಯಾರ್ಥಿ ಮುಂದೆ ಹೆಣದೊಳಗಿನ ಬೇತಾಳನನ್ನು ಬರೆದಾಗ ಆ ಕಲಿಕೆ ಕೈಬಿಡಲಿಲ್ಲ. ಕಲ್ಪನೆಯನ್ನು ಬರೆಯುವವನು ಮೊದಲು ಕಣ್ಣಿಗೆ ಕಂಡದ್ದನ್ನು ಬರೆದು ಬರೆದು ಪಳಗಿರಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಶಂಕರ್ ಅವರಲ್ಲಿ ಕೊರತೆ ಇಲ್ಲವೆಂದಲ್ಲ. ಅವರ ಅರಮನೆ, ಗೋಪುರ, ಕಿರೀಟ, ತೋಳಬಂದಿಗಳಲ್ಲಿ ಒಂದು ಗೆರೆಯೂ ಸೋಮಾರಿಯಲ್ಲ. ಆದರೆ ಆ ಸೊಬಗಿನಲ್ಲಿ ಎಷ್ಟೋ ಸಲ ಮನುಷ್ಯರು ಮರೆಯಾಗುತ್ತಾರೆ. ರಾಜರೆಲ್ಲ ಒಂದೇ ಮನೆತನದವರಂತೆ, ರಾಜಕುಮಾರಿಯರೆಲ್ಲ ಒಡಹುಟ್ಟಿದವರಂತೆ ಕಾಣುತ್ತಾರೆ. ಪುರಾಣಕ್ಕೆ ಈ ಗಾಂಭೀರ್ಯ ಒಪ್ಪುತ್ತದೆ. ಮಹಾಕಾವ್ಯಗಳ ಪಾತ್ರಗಳಿಗೆ ಹೋಲಿಕೆಯಲ್ಲೇ ಒಂದು ಘನತೆ ಇದೆ. ಮಾಟಗಾರರು, ಕಳ್ಳರು, ಕಾಡುಜನ, ದಾರಿ ತಪ್ಪಿದ ಪಯಣಿಗರು ತುಂಬಿದ ಜಾನಪದ ಸಾಹಸಕ್ಕೆ ಬೇರೆ ಬಗೆಯ ಕೈ ಬೇಕು. ಆ ಕೈ ಚಿತ್ರಾ ಅವರದು.

ಚಿತ್ರಾ ಅವರ ಪೂರ್ಣ ಹೆಸರು ಟಿ.ವಿ. ರಾಘವನ್. ಶಾಲೆಯಲ್ಲಿ ಕಲಿತ ಚಿತ್ರಕಾರರಲ್ಲ, ತಾವಾಗಿ ಕಲಿತವರು. ಪತ್ರಿಕೆಯ ಆರಂಭದ ದಿನಗಳಿಂದ 1978ರಲ್ಲಿ ತೀರಿಕೊಳ್ಳುವವರೆಗೂ ಬರೆದರು. ಅವರ ನಿಜವಾದ ಕಣ ದಾಸರಿ ಸುಬ್ರಹ್ಮಣ್ಯಂ ತೆಲುಗಿನಲ್ಲಿ ಬರೆದ ಧಾರಾವಾಹಿಗಳು. ‘ಮಕರದೇವತ’, ‘ಪಾತಾಳದುರ್ಗಂ’, ‘ಶಿಥಿಲಾಲಯಂ’, ‘ಯಕ್ಷಪರ್ವತಂ’, ‘ಮಾಯಾಸರೋವರಂ’ ಎಂಬ ಆ ಹೆಸರುಗಳೇ ಒಂದು ಭೂಪಟ. ತಿಂಗಳಿಂದ ತಿಂಗಳಿಗೆ ನಡೆಯುತ್ತಿದ್ದ ಈ ಕಥೆಗಳು ಕನ್ನಡಕ್ಕೂ ಬಂದವು. ಲೇಖಕರ ಹೆಸರು ಪುಟದಲ್ಲಿ ಅಚ್ಚಾಗುತ್ತಿರಲಿಲ್ಲ. ಚಿತ್ರದ ಮೂಲೆಯಲ್ಲಿದ್ದ ಸಹಿಯೊಂದೇ ಓದುಗನಿಗೆ ಸಿಗುತ್ತಿದ್ದ ಗುರುತು. ಹಾಗಾಗಿ ಒಂದು ತಲೆಮಾರಿನ ಮಕ್ಕಳಿಗೆ ಈ ಲೋಕಗಳನ್ನು ಕಟ್ಟಿದವರೆಂದರೆ ಚಿತ್ರಾ ಅವರೇ ಆಗಿಬಿಟ್ಟರು.

ಶಂಕರ್ ಹತ್ತು ಗೆರೆ ಎಳೆಯುವ ಕಡೆ ಚಿತ್ರಾ ಮೂರು ಎಳೆಯುತ್ತಾರೆ. ಅವರ ಜನ ಗಿಡ್ಡ, ಗಟ್ಟಿಮುಟ್ಟು. ಮೂಗು, ಗದ್ದ, ಹುಬ್ಬುಗಳಲ್ಲಿ ಒಬ್ಬರಂತೆ ಇನ್ನೊಬ್ಬರಿಲ್ಲ. ಮಾಂತ್ರಿಕ ಬರಿಯ ಕ್ರೂರಿಯಲ್ಲ, ನಿದ್ದೆಗೆಟ್ಟವನು, ಕೆಲಸ ಕೈಗೂಡದೆ ಕಂಗೆಟ್ಟವನು. ಅವರ ವಿಚಿತ್ರ ಪ್ರಾಣಿಗಳಿಗೆ ಹಸಿವಿದೆ. ಅರ್ಧ ಮನುಷ್ಯ, ಅರ್ಧ ಮೃಗವಾದವನು ಕೂತರೆ ಹೇಗೆ ಕೂರುತ್ತಾನೆ, ಅವನ ಬೆನ್ನು ಎಲ್ಲಿ ಬಾಗುತ್ತದೆ ಎಂಬುದನ್ನು ಅವರು ಯೋಚಿಸಿಯೇ ಬರೆದಿದ್ದಾರೆ. ಮುಖ್ಯವಾಗಿ ಅವರಲ್ಲಿ ಸ್ಥಳ ಇದೆ. ಗವಿಗೆ ಒಳಗು ಇದೆ, ಹಾಳುಕೋಟೆಗೆ ಹಿಂಬದಿ ಇದೆ, ಗುಡ್ಡ ಹತ್ತಲು ಕಾಲುದಾರಿ ಇದೆ. ಚೌಕಟ್ಟಿನ ಆಚೆಗೂ ಆ ನಾಡು ಮುಂದುವರಿದಿದೆ ಎಂದು ಅನ್ನಿಸುತ್ತದೆ. ಗುಂಡುಗಳ ಮೇಲೆ ಗುಂಡು ಕೂತ ನಮ್ಮ ಕಡೆಯ ಗುಡ್ಡಗಳನ್ನು ನೋಡಿ ಬೆಳೆದವರಿಗೆ ಅಂಥ ನಾಡು ದೂರದ್ದು ಅನ್ನಿಸುವುದೇ ಇಲ್ಲ. ಹೊಳೆಯಲ್ಲಿ ಮೊಸಳೆ ಇದೆ ಎಂದು ಬಲ್ಲ ಮಗುವಿಗೆ ಮಕರದ ಕಥೆ ಬರಿಯ ಕಥೆಯಾಗಿ ಉಳಿಯುವುದಿಲ್ಲ. ನನ್ನ ಮೆಚ್ಚಿನ ಚಿತ್ರಕಾರರಲ್ಲಿ ಚಿತ್ರಾ ಅವರಿಗೆ ಮೊದಲ ಮಣೆ ಕೊಡುವುದು ಇದಕ್ಕಾಗಿ. ಶಂಕರ್ ಅವರು ನನಗೆ ವೀರರನ್ನು ಕೊಟ್ಟರು, ಚಿತ್ರಾ ಆ ವೀರರು ನಡೆದಾಡುವ ನಾಡನ್ನು ಕೊಟ್ಟರು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಅದ್ಭುತವೆಂದರೆ ಹಾರುವುದು, ಕರಗುವುದು, ರೂಪ ಬದಲಿಸುವುದು. ಅದಕ್ಕೆ ಭಾರ ಕಟ್ಟಿದರೆ ರೆಕ್ಕೆ ಕತ್ತರಿಸಿದಂತಾಗದೇ? ಇದಕ್ಕೆ ಉತ್ತರ ನಮ್ಮ ಕವಿಗಳಲ್ಲೇ ಇದೆ. ಹನುಮಂತ ಸಮುದ್ರ ಹಾರುವುದನ್ನು ವರ್ಣಿಸುವ ಮೊದಲು ವಾಲ್ಮೀಕಿ ಮಹೇಂದ್ರ ಪರ್ವತದ ಪಾಡನ್ನು ಹೇಳುತ್ತಾನೆ. ಆ ಪಾದದ ಒತ್ತಡಕ್ಕೆ ಬೆಟ್ಟ ನಲುಗುತ್ತದೆ, ನೀರು ಒಸರುತ್ತದೆ, ಮರಗಳು ಹೂ ಉದುರಿಸುತ್ತವೆ, ಗವಿಗಳ ಪ್ರಾಣಿಗಳು ಚೀರುತ್ತವೆ. ನೆಲ ಒಪ್ಪಿಕೊಂಡ ಮೇಲೆ ಆಕಾಶ. ಕುಮಾರವ್ಯಾಸನೂ ತನ್ನ ಕಾವ್ಯದ ಆರಂಭದಲ್ಲಿ, ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಎಂಬ ಕಲ್ಪನೆ ಮಾಡುತ್ತಾನೆ. ಕಣ್ಣಿಗೆ ಕಾಣದ ಕವಿತ್ವಕ್ಕೂ ಅವನು ತೂಕ ಕೊಟ್ಟ. ಹಾರುವವನ ಭಾರ ಗೊತ್ತಿದ್ದರೆ ಮಾತ್ರ ಅವನು ಹಾರಿದ್ದು ಸೋಜಿಗವಾಗುತ್ತದೆ. ಹತ್ತಿಯ ಅರಳು ಗಾಳಿಗೆ ಹಾರಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಈ ಅಳತೆ ಹಿಡಿದು ನೋಡಿದಾಗ ಕೆಲವು ದೊಡ್ಡ ಹೆಸರುಗಳ ಬಗ್ಗೆ ನನ್ನ ಮನಸ್ಸು ಎರಡಾಗುತ್ತದೆ. ‘ಚಂದಮಾಮ’ದ ಆರಂಭದ ವರ್ಷಗಳ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯ ಕನ್ನಡಿಗರು. ಮಹಾಭಾರತದ ಸನ್ನಿವೇಶಗಳನ್ನು ಅವರು ನಾಟಕದ ರಂಗದಂತೆ ಜೋಡಿಸಿದರು. ಯಾರು ಎಲ್ಲಿ ನಿಲ್ಲಬೇಕು, ಬೆಳಕು ಯಾರ ಮುಖದ ಮೇಲೆ ಬೀಳಬೇಕು ಎಂಬುದರಲ್ಲಿ ಅವರದು ತಪ್ಪದ ತೀರ್ಮಾನ. ಆಮೇಲೆ ಬೆಂಗಳೂರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದ ಗುರುವೂ ಅವರೇ. ನಗರ ಸೇರಲಾಗದ ಹಳ್ಳಿಗಾಡಿನ ಹುಡುಗರಿಗೆ ಅಂಥ ಪಾಠಗಳ ಬೆಲೆ ಎಷ್ಟೆಂದು ನಾವು ಬಲ್ಲೆವು. ಆಚಾರ್ಯರ ಭೀಷ್ಮನಲ್ಲಿ, ದ್ರೋಣನಲ್ಲಿ ತೂಕ ಇದೆ. ಅದು ವಯಸ್ಸಿನ, ನಿಷ್ಠೆಯ ತೂಕ. ಅವರನ್ನು ನಾನು ಈ ಪರಂಪರೆಯ ಬುನಾದಿ ಎಂದು ಎಣಿಸುತ್ತೇನೆ.

ವಡ್ಡಾದಿ ಪಾಪಯ್ಯ (1921–1992) ಅವರ ಮುಖಪುಟಗಳ ಮಾತು ಬೇರೆ. ಶ್ರೀಕಾಕುಳಂನಲ್ಲಿ ಹುಟ್ಟಿದ ಈ ಕಲಾವಿದ ಬಣ್ಣವನ್ನು ಬೆಳಕಾಗಿ ಕರಗಿಸಬಲ್ಲವರಾಗಿದ್ದರು. ಹಸಿರು, ನೇರಳೆ, ಕಿತ್ತಳೆ ಒಂದರೊಳಗೊಂದು ಇಳಿದು, ನಡುವೆ ಮೂಡುವ ಅಪ್ಸರೆಗೆ ಅಂಚೇ ಇಲ್ಲದಂತಾಗುತ್ತದೆ. ಪುಸ್ತಕದಂಗಡಿಯಲ್ಲಿ ದೂರದಿಂದ ಕೈಬೀಸಿ ಕರೆದದ್ದು ಆ ಬಣ್ಣಗಳೇ. ಅವುಗಳ ಚೆಲುವಿಗೆ ನಾನೂ ಸೋತವನು. ಆದರೆ ಆ ಅಪ್ಸರೆಯ ಹಿಂದೆ ಹೋಗಲು ದಾರಿ ಇಲ್ಲ. ಅಲ್ಲಿರುವುದು ಒಂದು ಗಳಿಗೆ ಮಾತ್ರ. ಮುಖಪುಟಕ್ಕೆ ಅದು ಸಾಕು, ಬಹುಶಃ ಅದೇ ಸರಿ. ಕಥೆಯ ಒಳಪುಟಕ್ಕೆ ಮಾತ್ರ ಗಳಿಗೆಗಿಂತ ಹೆಚ್ಚಿನದು ಬೇಕು. ಒಂದೇ ಪತ್ರಿಕೆ ಹೊರಗೆ ಪಾಪಯ್ಯನವರನ್ನೂ ಒಳಗೆ ಚಿತ್ರಾ, ಶಂಕರ್ ಇಬ್ಬರನ್ನೂ ಇಟ್ಟುಕೊಂಡಿತ್ತು ಎಂಬುದು ಅದರ ಸಂಪಾದಕರ ವಿವೇಕಕ್ಕೆ ಸಾಕ್ಷಿ.

ನಮ್ಮ ಕಲ್ಯಾಣ ಕರ್ನಾಟಕದವರೇ ಆದ ಎಸ್.ಎಂ. ಪಂಡಿತರನ್ನು (1916–1993) ಈ ಚರ್ಚೆಯಲ್ಲಿ ಬಿಡುವಂತಿಲ್ಲ. ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಹಿಂದಿ ಸಿನಿಮಾ ಪೋಸ್ಟರುಗಳನ್ನೂ ಪೌರಾಣಿಕ ಕ್ಯಾಲೆಂಡರ್ ಚಿತ್ರಗಳನ್ನೂ ಬರೆದು ದೇಶದ ಗೋಡೆಗಳನ್ನೆಲ್ಲ ತುಂಬಿದವರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಪಂಡಿತರ ಪುರಾಣಪುರುಷರು ಮಾಂಸಖಂಡಗಳ ಗುಡ್ಡಗಳು. ಬಿರುಗಾಳಿ, ಮಿಂಚು, ಹಾರುವ ಸೆರಗು, ಒಂದೇ ಕಡೆಯಿಂದ ಬೀಳುವ ಝಗಝಗ ಬೆಳಕು. ಅಮೆರಿಕದ ಫ್ರಾಂಕ್ ಫ್ರಜೆಟ್ಟಾ 1966ರಿಂದ ಕೋನನ್ ಕಾದಂಬರಿಗಳ ಮುಖಪುಟಗಳಲ್ಲಿ ಇದೇ ಬಗೆಯ ಮೈಕಟ್ಟು, ಇದೇ ಬಗೆಯ ಉರಿಬೆಳಕನ್ನು ಬಳಸಿ ಜಗತ್ತಿಗೆ ಹೆಸರಾದರು. ಪಂಡಿತರು ಆ ಹೊತ್ತಿಗಾಗಲೇ ತಮ್ಮ ಕಸುಬಿನ ಶಿಖರದಲ್ಲಿದ್ದವರು. ಇಬ್ಬರನ್ನೂ ಹೋಲಿಸಿದರೆ ಬಲದಲ್ಲಿ ಪಂಡಿತರೇನೂ ಕಡಿಮೆಯಲ್ಲ. ಫ್ರಜೆಟ್ಟಾ ಅವರಲ್ಲಿ ನೆಲ ಇದೆ: ಕೆಸರು, ಕಲ್ಲು, ಕಾಲಡಿಯ ಹೆಣಗಳ ರಾಶಿ. ಪಂಡಿತರಲ್ಲಿ ಬಹುಪಾಲು ಮೋಡವೇ ನೆಲ. ಅವರ ವಿಶ್ವಾಮಿತ್ರ, ಮೇನಕೆಯರ ಎದುರು ನಿಂತಾಗ ನಾನು ನಟರನ್ನು ನೋಡುತ್ತಿದ್ದೇನೆ ಅನ್ನಿಸುತ್ತದೆ. ಮಹಾನಟರು, ನಿಜ. ಆದರೂ ಕಾಡನ್ನು ನೋಡುತ್ತಿದ್ದೇನೆ ಅನ್ನಿಸುವುದಿಲ್ಲ. ಇಷ್ಟಾಗಿಯೂ, ನಮ್ಮ ಕಡೆಯ ಶಾಲೆಗಳಲ್ಲಿ ಅವರ ಹೆಸರು ಕೇಳದೆಯೇ ಮಕ್ಕಳು ದೊಡ್ಡವರಾಗುತ್ತಿರುವುದು ಅನ್ಯಾಯ.

ತೂಕವೆಂದರೆ ಮೈಕಟ್ಟು ಎಂದು ತಿಳಿಯಬಾರದು ಎಂಬುದಕ್ಕೆ ರಷ್ಯದ ಇವಾನ್ ಬಿಲಿಬಿನ್ (1876–1942) ಉತ್ತಮ ಸಾಕ್ಷಿ. ಅವರ ಗೆರೆ ಚಪ್ಪಟೆ, ಬಣ್ಣ ಚಪ್ಪಟೆ, ಸುತ್ತ ಅಲಂಕಾರದ ಅಂಚು. ಹಾಗಿದ್ದೂ ಅವರ ಮುದಿಮಾಟಗಾತಿ ಬಾಬಾ ಯಾಗಾ ಇರುವ ಕಾಡು ನಂಬಿಕೆಯ ಕಾಡು. 1902ರಿಂದ 1904ರವರೆಗೆ ಅವರು ರಷ್ಯದ ಉತ್ತರದ ಹಳ್ಳಿಗಳನ್ನು ತಿರುಗಿ ಮರದ ಮನೆ, ಕಸೂತಿ, ಉಡುಗೆಗಳನ್ನು ನೋಡಿ ಸಂಗ್ರಹಿಸಿದ್ದರು. ಆಮೇಲಿನ ಚಿತ್ರಗಳಲ್ಲಿ ರಾಜನ ಮನೆಯ ಬಾಗಿಲಿಗೂ ಯಾವುದೋ ಬಡಗಿಯ ಕೈಗುರುತು ಇದೆ. ಟಾಲ್ಕಿನ್ನರ ಕಾದಂಬರಿಗೆ ಚಿತ್ರ ಬರೆದ ಇಂಗ್ಲೆಂಡಿನ ಅಲನ್ ಲೀ ಕೂಡ ಹೀಗೆಯೇ. ಅವರು ನೆಲೆಸಿರುವ ಡಾರ್ಟ್‌ಮೂರ್ ಸೀಮೆಯ ಪಾಚಿಗಟ್ಟಿದ ಮರ, ಕಲ್ಲುಗಳು ಆ ಕಲ್ಪಿತ ಲೋಕದೊಳಕ್ಕೆ ನಡೆದುಹೋಗಿವೆ. ದೂರದ ಲೋಕವನ್ನು ಬರೆಯುವವರು ಹಿತ್ತಿಲನ್ನು ಚೆನ್ನಾಗಿ ನೋಡಿದವರು.

ನಮ್ಮ ಹಿತ್ತಿಲಲ್ಲಿ ಏನಿದೆ? ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ನೆಲೆಯನ್ನು ಎಫ್.ಆರ್. ಆಲ್ಚಿನ್ 1952ರಲ್ಲಿ ಅಗೆದು ತೆಗೆದರು. ಅಲ್ಲಿನ ಬಂಡೆಗಳ ಮೇಲೆ ಬಣ್ಣದಲ್ಲಿ ಬರೆದ, ಕಲ್ಲಿನಿಂದ ಕುಟ್ಟಿ ಮೂಡಿಸಿದ ಹೋರಿಗಳಿವೆ. ಮೈ ನಿಜದ ಹೋರಿಯದು, ಡುಬ್ಬ ನಿಜದ್ದು. ಕೊಂಬು ಮಾತ್ರ ಬಯಕೆಯಷ್ಟು ಉದ್ದ. ಕಂಡದ್ದರ ಮೇಲೆ ಕಾಣಬೇಕೆಂದಿದ್ದನ್ನು ಬೆಳೆಸುವ ಈ ಬಗೆಯೇ ಅದ್ಭುತ ಚಿತ್ರದ ಮೊದಲ ಪಾಠ. ವಿಜಯನಗರದ ಕಂಬಗಳಲ್ಲಿ ಆನೆಯ ಸೊಂಡಿಲು, ಸಿಂಹದ ಮೈ ಇರುವ ಯಾಳಿ ಮುಂಗಾಲೆತ್ತಿ ನಿಂತಿದೆ. ಅಂಥ ಪ್ರಾಣಿ ಎಲ್ಲೂ ಇಲ್ಲ. ಆದರೂ ಅದರ ಹಿಂಗಾಲಿನ ಸ್ನಾಯು ಮೈಯನ್ನು ಹೊತ್ತಿರುವುದು ಸುಳ್ಳಲ್ಲ, ಮೇಲಿನ ಮಾಡಿನ ಭಾರವೂ ಸುಳ್ಳಲ್ಲ. ಅಲ್ಲಿ ಕಲ್ಪನೆ ನಿಜವಾಗಿಯೇ ಕಟ್ಟಡವನ್ನು ಹೊತ್ತು ನಿಂತಿದೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಗರುಡ, ಹನುಮ, ಕಾಮಧೇನುಗಳನ್ನು ಕಡೆಯುತ್ತಾರೆ. ಕಟ್ಟಿಗೆಯ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿದ ಕಿಟ್ಟದಿಂದ ಸಂದುಗಳನ್ನು ತುಂಬಿ, ಮೇಲೆ ಬಣ್ಣ ಹಚ್ಚುತ್ತಾರೆ. ಆ ಕಾಮಧೇನುವಿನ ಹೆಣ್ಣುಮುಖ, ಹಸುವಿನ ಮೈ, ಹಕ್ಕಿಯ ರೆಕ್ಕೆ ಮೂರೂ ಒಂದೇ ಜೀವಕ್ಕೆ ಸೇರಿದವು ಅನ್ನಿಸುವುದು, ಆ ಮೂರರ ಸಂದುಗಳನ್ನು ಕೈಯಿಂದ ತಿದ್ದಿದವರ ಅಭ್ಯಾಸದಿಂದ. ತೊಗಲುಬೊಂಬೆಯದು ಇನ್ನೊಂದು ದಾರಿ. ಹದಮಾಡಿದ ತೊಗಲಿಗೆ ತೂತು ಕೊರೆದು, ಬಣ್ಣ ಕಟ್ಟಿ, ದೀಪದ ಮುಂದೆ ಹಿಡಿದರೆ ಹತ್ತು ತಲೆಯ ರಾವಣ ಬೆಳಕಿನಿಂದಲೇ ಆದವನು. ಅವನಿಗೆ ನೆಲವೂ ಇಲ್ಲ, ನೆರಳೂ ಬೇರೆ ಇಲ್ಲ. ಚಿತ್ರವಾಗಿ ನೋಡಿದರೆ ಅದು ಬರಿಯ ಅಲಂಕಾರ. ಆಡಿಸುವವರ ದನಿ, ಮದ್ದಳೆಯ ಪೆಟ್ಟು ಅವನಿಗೆ ಭಾರ ಕೊಡುತ್ತವೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಾಗ ಗೌರವ ಸಿಕ್ಕಿದ್ದು ಈ ಇಡೀ ವಿದ್ಯೆಗೆ. ತೊಗಲುಬೊಂಬೆ ನನ್ನ ಅಳತೆಯನ್ನು ಅಗಲಗೊಳಿಸಿತು. ತೂಕ ಗೆರೆಯಲ್ಲೇ ಇರಬೇಕೆಂದಿಲ್ಲ, ಆದರೆ ಎಲ್ಲಾದರೂ ಇರಲೇಬೇಕು.

ಈ ಮಾತನ್ನು ಇಂದಿನ ಚಿತ್ರಗಳಿಗೆ ಹಚ್ಚಿ ನೋಡೋಣ. ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯ 2015ರಲ್ಲಿ ತಮ್ಮೂರಿನ ಯುವಕರ ಬಾವುಟಕ್ಕಾಗಿ ಕೇಸರಿ, ಕಪ್ಪು ಬಣ್ಣಗಳಲ್ಲಿ ಹನುಮಂತನ ಮುಖವೊಂದನ್ನು ಬರೆದರು. ಅದು ದೇಶದ ಉದ್ದಗಲಕ್ಕೆ ವಾಹನಗಳ ಹಿಂಗಾಜಿನ ಮೇಲೆ ಹಬ್ಬಿತು. ಸಿಂಧನೂರಿನ ರಸ್ತೆಗಳಲ್ಲೂ ಅದನ್ನು ಕಾಣದ ದಿನವಿಲ್ಲ. ಗುರುತಾಗಿ ಅದು ಅಪ್ಪಟ ಯಶಸ್ಸು. ಎರಡೇ ಬಣ್ಣ, ಕೆಲವೇ ಆಕಾರ, ಓಡುವ ಗಾಡಿಯ ಮೇಲಿದ್ದರೂ ಒಂದು ನೋಟಕ್ಕೆ ದಕ್ಕುತ್ತದೆ. ಕುಂಬಳೆಯ ಕನ್ನಡ ನೆಲದ ಕಲಾವಿದನೊಬ್ಬನ ಗೆರೆ ಇಷ್ಟು ದೂರ ಹೋದದ್ದು ನನಗೆ ಸಂತೋಷವೇ. ಆದರೆ ಗುರುತಿಗೂ ಚಿತ್ರಕ್ಕೂ ಬೇರೆಬೇರೆ ಕೆಲಸವಿದೆ. ಈ ಮುಖಕ್ಕೆ ಮೈಯಿಲ್ಲ, ಬೆಟ್ಟವಿಲ್ಲ, ಹಾರಬೇಕಾದ ಸಮುದ್ರವಿಲ್ಲ. ಅಂಜನಾದ್ರಿ ಹತ್ತಿರವೇ ಇರುವ ನಮ್ಮ ಸೀಮೆಯಲ್ಲಿ ಹನುಮನೆಂದರೆ ಈ ಒಂದು ಮುಖ ಮಾತ್ರ ಎಂದು ಮಕ್ಕಳು ತಿ‍ಳಿದುಕೊಂಡರೆ ನಷ್ಟ ದೊಡ್ಡದು. ಬೆಟ್ಟ ಹೊತ್ತವನು, ಬಾಲದಲ್ಲಿ ಬೆಂಕಿ ಹಚ್ಚಿಸಿಕೊಂಡವನು, ರಾಮನ ಮುಂದೆ ಮಂಡಿಯೂರಿದವನು ಎಲ್ಲರೂ ಆ ಗುರುತಿನ ಹಿಂದೆ ಮರೆಯಾಗುತ್ತಾರೆ.

ಈಗ ಮೊಬೈಲಿನಲ್ಲಿ ಒಂದು ಸಾಲು ಬರೆದರೆ ಕೃತಕ ಬುದ್ಧಿಮತ್ತೆ ರಕ್ಕಸರ ಸೈನ್ಯವನ್ನೇ ಬಿಡಿಸಿಕೊಡುತ್ತದೆ. ಹಬ್ಬದ ಶುಭಾಶಯದಿಂದ ಹಿಡಿದು ಊರ ಜಾತ್ರೆಯ ಫ್ಲೆಕ್ಸ್‌ವರೆಗೆ ಅವೇ ಚಿತ್ರಗಳು. ಹೊಳಪಿಗೆ ಕೊರತೆಯಿಲ್ಲ, ವಿವರಕ್ಕೆ ಕೊರತೆಯಿಲ್ಲ. ಅಂಥ ಚಿತ್ರದ ಪಾದಗಳನ್ನು ನೋಡಿ. ಎಷ್ಟೋ ಕಡೆ ಅವು ಮಂಜಿನಲ್ಲಿ ಮುಗಿದುಹೋಗಿರುತ್ತವೆ, ಇಲ್ಲವೇ ನೆಲದ ಮೇಲೆ ಅಂಟಿಸಿದಂತಿರುತ್ತವೆ. ಗದೆ ಹಿಡಿದ ಕೈಯಲ್ಲಿ ಗದೆಯ ಭಾರವಿಲ್ಲ. ಬೆಟ್ಟ ಎತ್ತಿದವನ ಮುಖದಲ್ಲಿ ಬೆಟ್ಟದ ಸುದ್ದಿಯೇ ಇಲ್ಲ. ಏನನ್ನೂ ಎತ್ತಿದ ಅನುಭವ ಇಲ್ಲದ ಕಡೆಯಿಂದ ಬಂದ ಚಿತ್ರ ಹಾಗಿರುವುದು ಸಹಜ. ಚಿತ್ರಾ ಅವರ ಚಿತ್ರಗಳಲ್ಲಿ ವಿವರ ಇದರ ಹತ್ತರಲ್ಲಿ ಒಂದು ಪಾಲೂ ಇಲ್ಲ, ಬಣ್ಣವೂ ಮಿತ. ಆದರೂ ಅವರ ಮಾಂತ್ರಿಕ ಗವಿಯಿಂದ ಹೊರಬಂದಾಗ ಗವಿಯ ತಂಪು ಅವನ ಜೊತೆಗೇ ಬರುತ್ತದೆ. ಮಗು ಪುಟ ತಿರುಗಿಸಲು ಹಿಂಜರಿಯುವುದು ಅಂಥ ಕಡೆ.

‘ಚಂದಮಾಮ’ ನಿಂತು ದಶಕ ದಾಟಿತು. ಅದರ ಜಾಗದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಬರುತ್ತಲೇ ಇವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಒಳ್ಳೆಯ ಚಿತ್ರಪುಸ್ತಕಗಳನ್ನು ಕಡಿಮೆ ಬೆಲೆಗೆ ಕೊಡುತ್ತಿದೆ; ಹಲವು ಭಾಷೆಗಳಿಗೆ ಒಂದೇ ಚಿತ್ರ ಎಂಬ ಪದ್ಧತಿ ಅಲ್ಲೂ ಮುಂದುವರಿದಿದೆ. ಆ ಪುಸ್ತಕಗಳಲ್ಲಿ ಚಿತ್ರಕಾರರ ಹೆಸರು ಲೇಖಕರ ಹೆಸರಿನ ಪಕ್ಕದಲ್ಲೇ ಇರುತ್ತದೆ ಎಂಬುದು ಹಳೆಯ ಕಾಲಕ್ಕಿಂತ ಮೇಲಾದ ಸಂಗತಿ. ಇನ್ನು ಬೇಕಾದದ್ದು ಎರಡು. ಮೊದಲನೆಯದು, ಚಿತ್ರಾ, ಶಂಕರ್, ಎಂ.ಟಿ.ವಿ. ಆಚಾರ್ಯ, ಪಂಡಿತ ಇವರ ಕೆಲಸವನ್ನು ಕನ್ನಡದಲ್ಲಿ ವಿವರಣೆಯೊಂದಿಗೆ, ದೊಡ್ಡ ಅಳತೆಯ ಪುಟಗಳಲ್ಲಿ ಮತ್ತೆ ಅಚ್ಚುಮಾಡಬೇಕು. ನಮ್ಮ ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಸಾಹಿತಿಗಳ ಸಮಗ್ರ ಸಂಪುಟಗಳಿಗೆ ತೋರಿದ ಶ್ರದ್ಧೆಗೆ ಈ ಚಿತ್ರಕಾರರೂ ಅರ್ಹರು. ಕಲಿಯುವ ಹುಡುಗ ಹುಡುಗಿಯರಿಗೆ ನಕಲು ತೆಗೆದು ಅಭ್ಯಾಸ ಮಾಡಲು ಅವರ ಗೆರೆ ಕೈಗೆ ಸಿಗಬೇಕು.

ಎರಡನೆಯದು, ಹೊಸ ಚಿತ್ರಕಾರರನ್ನು ಈ ಸೀಮೆಗಳಿಂದಲೇ ಕರೆದು ಕೆಲಸ ಕೊಡಬೇಕು. ಮಸ್ಕಿಯ ಗುಡ್ಡ, ಮುದಗಲ್ಲಿನ ಕೋಟೆ, ಬೇಸಿಗೆಯಲ್ಲಿ ಬಂಡೆಗಳನ್ನು ಹೊರಗೆ ಹಾಕಿ ಹರಿಯುವ ತುಂಗಭದ್ರೆ, ಭತ್ತದ ಗದ್ದೆಯ ಅಂಚಿನ ಜಾಲಿ ಇವನ್ನು ದಿನವೂ ನೋಡುವ ಕಣ್ಣು ಇದ್ದವರಿಗೆ ಒಂದು ರಕ್ಕಸನ ಕಥೆ ಕೊಟ್ಟು ನೋಡಬೇಕು. ಸಿಂಧನೂರು, ಲಿಂಗಸುಗೂರುಗಳ ಪ್ರೌಢಶಾಲೆಗಳ ಚಿತ್ರಕಲಾ ಶಿಕ್ಷಕರು ಮಕ್ಕಳಿಂದ ಸೂರ್ಯೋದಯದ ಚಿತ್ರ ಬರೆಸಿದಷ್ಟೇ ಮುತುವರ್ಜಿಯಿಂದ ತಮ್ಮೂರ ಬಂಡೆ, ಹೊರೆ ಹೊತ್ತವರ ನಡಿಗೆ, ನೀರಿಗಿಳಿದ ಎಮ್ಮೆಯ ಬೆನ್ನು ಬರೆಸಲಿ. ಅಲ್ಲಿಂದ ಬೇತಾಳನಿಗೆ ದಾರಿ ಹತ್ತಿರ. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಎಂಥ ಅದ್ಭುತ ಪ್ರಾಣಿಯಾದರೂ ಬರಲಿ, ಎಷ್ಟು ಎತ್ತರಕ್ಕಾದರೂ ಹಾರಲಿ. ಅದು ಯಾವ ಊರ ನೆಲವನ್ನು ಒದ್ದು ಮೇಲೇರಿತು ಎಂಬುದು ಚಿತ್ರದಲ್ಲಿ ಕಾಣಬೇಕೆಂದು ಪ್ರಕಾಶಕರನ್ನೂ ಕಲಾವಿದರನ್ನೂ ಕೇಳುವ ಹಕ್ಕು ಓದುಗರಾದ ನಮಗಿದೆ. ಆ ಹಕ್ಕನ್ನು ನಾವು ಚಲಾಯಿಸಬೇಕು.